ಜಪ್ತಿಯಾದದ್ದು ಯಾರ ಮನೆ ಸೇರಬೇಕು?

ಪೆನ್ನಾಗರಂ ಸೀಮೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನಮ್ಮ ಧರ್ಮಪುರಿ ಜಿಲ್ಲೆಯ ವಾಚಾತಿಯನ್ನು ಮರೆಯಬೇಡಿ. 1992ರ ಜೂನ್ 20ರಂದು, ಕದ್ದ ಗಂಧವನ್ನು ವಶಪಡಿಸಿಕೊಳ್ಳುತ್ತೇವೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಬುಡಕಟ್ಟಿನ ಊರಿಗೆ ನುಗ್ಗಿದರು. ಮನೆಗಳನ್ನು ಒಡೆದರು, ಕಾಳುಕಡಿ ಹಾಳುಮಾಡಿದರು, ಆಡು ಕೋಳಿ ದೋಚಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಎಸಗಿದರು. ಕಳವಿನ ಮಾಲು ಹುಡುಕಲು ಬಂದವರೇ ಊರನ್ನು ಕೊಳ್ಳೆ ಹೊಡೆದರು!

2011ರಲ್ಲಿ ಧರ್ಮಪುರಿಯ ನ್ಯಾಯಾಲಯ, 269 ಆರೋಪಿಗಳ ಪೈಕಿ ಅಂದು ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದಿತು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಆ ಹದಿನೆಂಟು ಮಂದಿಗೆ ತಲಾ 10 ಲಕ್ಷ ರೂಪಾಯಿ ಕೊಡಿ, ಅದರಲ್ಲಿ ಅರ್ಧವನ್ನು ಅತ್ಯಾಚಾರಿಗಳಿಂದಲೇ ವಸೂಲು ಮಾಡಿ ಎಂದು ಸರ್ಕಾರಕ್ಕೆ ಆಜ್ಞಾಪಿಸಿತು. ಯಾವ ಹಣವೂ ಆ ನೋವಿಗೆ ಸಮವಲ್ಲ. ಆದರೂ ಕೆಡುಕನ ಗಂಟು ಬಿಚ್ಚಿಸಿ ನೊಂದವರ ಕೈಗೆ ಕೊಡಿಸುವುದೇ ಧರ್ಮ.

ನಮ್ಮಲ್ಲಿ ಕಿತ್ತುಕೊಳ್ಳುವುದಕ್ಕೆ ಒಂದು ದಿನ ಸಾಕು, ಹಿಂದಿರುಗಿಸುವುದಕ್ಕೆ ಒಂದು ತಲೆಮಾರೇ ಬೇಕು. ಮಾಜಿ ಮುಖ್ಯಮಂತ್ರಿ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನೇ ನೋಡಿ. 1996ರಲ್ಲಿ ಜಪ್ತಿಯಾದ ಒಡವೆಗಳು, ವಿಚಾರಣೆ ನಡೆದ ಬೆಂಗಳೂರಿನಿಂದ ತಮಿಳುನಾಡಿಗೆ ಮರಳಿದ್ದು 2025ರ ಫೆಬ್ರವರಿಯಲ್ಲಿ: 27 ಕಿಲೋ ಚಿನ್ನ, ಜೊತೆಗೆ 1,500 ಎಕರೆಗೂ ಹೆಚ್ಚು ಜಮೀನಿನ ಪತ್ರಗಳು. ಅದು ಜನರ ಸೊತ್ತು. ನಮ್ಮ ಬೆಟ್ಟದೂರುಗಳ ಶಾಲೆಗೆ, ಆಸ್ಪತ್ರೆಗೆ, ರಸ್ತೆಗೆ ಅದರಲ್ಲಿ ಪಾಲಿಲ್ಲವೇ?

ಕಾನೂನು ಈಗ ದಾರಿ ತೆರೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಮಿನ ಪ್ರಕಾರ, ಅಪರಾಧದಿಂದ ಗಳಿಸಿದ್ದನ್ನು ನೊಂದವರಿಗೆ ಹಂಚುವಂತೆ ನ್ಯಾಯಾಲಯ ಜಿಲ್ಲಾಧಿಕಾರಿಗೆ ಹೇಳಬಹುದು. ಅವರು 60 ದಿನದೊಳಗೆ ಹಂಚಬೇಕು. ಹಣ ಕಟ್ಟಿಸಿಕೊಂಡು ಮೋಸ ಮಾಡಿದವರ ಆಸ್ತಿ ಹಿಡಿಯಲು ತಮಿಳುನಾಡಿನಲ್ಲಿ 1997ರಿಂದಲೇ ಠೇವಣಿದಾರರ ರಕ್ಷಣಾ ಕಾಯ್ದೆಯಿದೆ. ಆದರೆ 107ನೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ: ಕೇಳುವವರಿಲ್ಲದಿದ್ದರೆ ಅದು ಸರ್ಕಾರದ ಪಾಲು.

ಆದ್ದರಿಂದ ಕೇಳಿ! ಮೋಸಹೋದ ನಾಚಿಕೆಯಲ್ಲಿ ಬಾಯಿ ಮುಚ್ಚಿ ಕೂರಬೇಡಿ, ನಾಚಬೇಕಾದವರು ನೀವಲ್ಲ. ರಸೀದಿ, ಪತ್ರ, ಸಾಕ್ಷಿ ಜೋಪಾನ ಮಾಡಿ. ಓದಬಲ್ಲವರು ಓದಲಾರದವರ ಅರ್ಜಿ ಬರೆದುಕೊಡಿ. ಅಧಿಕಾರಿಗಳೇ, ಜಪ್ತಿಯ ಪಟ್ಟಿಯನ್ನು ಊರಿನೆದುರು ಓದಿ ಹೇಳಿ, ನಮ್ಮ ಕನ್ನಡದಲ್ಲೂ ಹೇಳಿ. ಕದ್ದವನಿಂದ ಕಿತ್ತುಕೊಂಡದ್ದು ಕಳೆದುಕೊಂಡವರ ಮನೆ ಸೇರುವ ತನಕ ನ್ಯಾಯ ಅರ್ಧವೇ.