ಹಿನ್ನೀರಿಗೆ ತಕ್ಕ ರಾಡ್, ಮೀನಿಗೆ ತಕ್ಕ ನಿಯಮ

ಲ್ಯೂರ್ ಹಿಡಿದು ಅಳಿವೆಯ ದಡಕ್ಕೆ ಬರುವವರು ಕರಾವಳಿಯಲ್ಲಿ ಹೆಚ್ಚುತ್ತಿದ್ದಾರೆ. ಮರ, ಪ್ಲಾಸ್ಟಿಕ್ ಅಥವಾ ಮೆತ್ತನೆಯ ರಬ್ಬರಿನ ಹುಸಿ ಮೀನು, ಹುಸಿ ಸಿಗಡಿಯನ್ನು ನೀರಿಗೆಸೆದು, ರೀಲ್ ಸುತ್ತುತ್ತ ಅದಕ್ಕೆ ಜೀವ ಬಂದಂತೆ ಆಡಿಸಿ ಬೇಟೆಗಾರ ಮೀನನ್ನು ಕೆಣಕುವ ಈ ವಿಧಾನ ಉಳ್ಳಾಲದಂಥ ಊರಿಗೆ ಚೆನ್ನಾಗಿ ಒಗ್ಗುತ್ತದೆ. ದೋಣಿ ಬೇಡ, ಬಲೆ ಬೇಡ. ಉಬ್ಬರ ಇಳಿತದ ತಿಳಿವಳಿಕೆ ಮತ್ತು ತಾಳ್ಮೆ ಇದ್ದರೆ ಸಾಕು. ಈ ಬೆಳವಣಿಗೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಯಾವ ರಾಡ್ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಾವು ಎಸೆತದ ದೂರ, ಬೆಲೆ, ಬ್ರಾಂಡ್‌ಗಳ ಲೆಕ್ಕದಲ್ಲೇ ಮುಗಿಸಿಬಿಡುತ್ತಿದ್ದೇವೆ. ಮೀನನ್ನು ಮರಳಿ ನೀರಿಗೆ ಬಿಟ್ಟರೆ ಅದು ಬದುಕುತ್ತದೆಯೇ ಸಾಯುತ್ತದೆಯೇ ಎಂಬುದು ಬಹುಮಟ್ಟಿಗೆ ಅದೇ ರಾಡಿನ ಮೇಲೆ ನಿಂತಿದೆ. ಹಿನ್ನೀರಿನಲ್ಲಿ ಲ್ಯೂರಿಗೆ ಬೀಳುವ ಬೇಟೆಮೀನುಗಳಲ್ಲಿ ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಎಳೆಯವೇ ಬಹಳ. ಹಾಗಾಗಿ ಮೀನನ್ನು ಬಿಡಬೇಕಾದೀತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ರಾಡ್ ಆರಿಸಬೇಕು. ಯಾವ ಗಾತ್ರದ್ದನ್ನು ಬಿಡಬೇಕು ಎಂಬುದು ಬರೆದ ನಿಯಮವಾಗಬೇಕು.

ಉಳ್ಳಾಲದ ನೀರನ್ನು ಒಮ್ಮೆ ಗಮನಿಸಿ. ಘಟ್ಟದಿಂದ ಇಳಿದು ಬರುವ ನೇತ್ರಾವತಿ ಸೇತುವೆಗಳ ಕಂಬಗಳನ್ನು ದಾಟಿ, ಕಲ್ಲಾಪು, ಆಡಂಕುದ್ರು, ಉಳ್ಳಾಲ ಹೊಯ್ಗೆಗಳ ಬದಿಯಲ್ಲಿ ಅಗಲವಾಗಿ, ಕೋಟೆಪುರದ ಮರಳು ನಾಲಿಗೆಯ ತುದಿಯಲ್ಲಿ ಫಲ್ಗುಣಿಯೊಡನೆ ಕೂಡಿ ಕಡಲು ಸೇರುತ್ತದೆ. ದಿನಕ್ಕೆ ಎರಡು ಬಾರಿ ಏರಿ ಇಳಿಯುವ ಉಪ್ಪುನೀರು ಅಂಚಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ, ಸಣ್ಣ ತೋಡುಗಳ ಒಳಗೆ ನುಗ್ಗುತ್ತದೆ. ಇಳಿತ ಶುರುವಾದಾಗ ತೋಡಿನ ಬಾಯಲ್ಲಿ ಮರಿಮೀನು, ಸಿಗಡಿಗಳು ನೀರಿನೊಡನೆ ಹೊರಬರುತ್ತವೆ. ಅವಕ್ಕಾಗಿ ದೊಡ್ಡವು ಹೊಂಚು ಹಾಕಿರುತ್ತವೆ. ಲ್ಯೂರ್ ಬೀಳಬೇಕಾದದ್ದು ಅಲ್ಲಿಗೆ. ದಡದಿಂದ ಆ ಜಾಗಕ್ಕಿರುವ ದೂರ ಹೆಚ್ಚಿನ ಕಡೆ ಹತ್ತಿಪ್ಪತ್ತು ಮೀಟರ್ ಮಾತ್ರ. ಸೋಮೇಶ್ವರದ ಕಡಲತಡಿಯಲ್ಲಿ ತೆರೆಗಳ ಆಚೆಗೆ ಎಸೆಯಲು ಹತ್ತು ಹನ್ನೆರಡು ಅಡಿಯ ರಾಡ್ ಬೇಕು, ನಿಜ. ಅದೇ ರಾಡನ್ನು ಕಾಂಡ್ಲಾದ ಕೊಂಬೆಗಳ ಕೆಳಗೆ ತಂದರೆ ಬೀಸಲು ಜಾಗವಿಲ್ಲ, ಗುರಿ ಸಿಗುವುದಿಲ್ಲ. ತಪ್ಪಿದ ಒಂದೊಂದು ಎಸೆತವೂ ಬೇರಿಗೆ ಸಿಕ್ಕಿ ಹರಿದು, ಕೊಳೆಯದ ದಾರವನ್ನೂ ಮೂರು ಮುಳ್ಳಿನ ಗಾಳವನ್ನೂ ಹಕ್ಕಿಗಳ ಕಾಲಿಗೆ ಉಳಿಸಿ ಹೋಗುತ್ತದೆ.

ಇಲ್ಲಿ ಲ್ಯೂರಿನವರು ಹಂಬಲಿಸುವುದು ಮುಖ್ಯವಾಗಿ ಎರಡು ಮೀನುಗಳಿಗೆ. ಒಂದು, ತಲಪಾಡಿಯಲ್ಲಿ ಕೇರಳದ ಗಡಿ ದಾಟಿದರೆ ಕಾಳಾಂಜಿ ಎನಿಸಿಕೊಳ್ಳುವ ಸೀಬಾಸ್. ಇನ್ನೊಂದು, ಕೆಂಪು ಮೈಯ ಕೆಂಬೇರಿ. ಕೆಂಬೇರಿಯ ಎಳೆಯವು ಅಳಿವೆಯಲ್ಲಿ, ಕಾಂಡ್ಲಾದ ನೆರಳಿನಲ್ಲಿ ಬೆಳೆಯುತ್ತವೆ. ಬಲಿತ ಮೇಲೆ ಆಳ ಕಡಲಿನ ಬಂಡೆಗಳ ಕಡೆಗೆ ಹೋಗಿ ಅಲ್ಲಿ ಮೊಟ್ಟೆಯಿಡುತ್ತವೆ. ಮೂವತ್ತು ವರ್ಷ ದಾಟಿ ಬದುಕಬಲ್ಲ ಮೀನು ಅದು. ಅಂದರೆ ಸೇತುವೆಯ ಕಂಬದಡಿ ಸಿಗುವ ಒಂದಡಿಯ ಕೆಂಬೇರಿಯ ಬದುಕು ಆಗಷ್ಟೇ ಆರಂಭವಾಗಿರುತ್ತದೆ. ಸೀಬಾಸ್‌ನ ಬದುಕು ಇನ್ನೂ ವಿಚಿತ್ರ. ಅದು ಮೊದಲು ಗಂಡಾಗಿ ಬಲಿಯುತ್ತದೆ, ಕೆಲವು ವರ್ಷಗಳ ನಂತರ, ಸುಮಾರು 80ರಿಂದ 100 ಸೆಂಟಿಮೀಟರ್ ಬೆಳೆದ ಹೊತ್ತಿಗೆ, ಹೆಣ್ಣಾಗಿ ಬದಲಾಗುತ್ತದೆ. ಹೀಗಾಗಿ ತುಂಬ ಸಣ್ಣದನ್ನು ಹಿಡಿದರೂ ನಷ್ಟ, ತುಂಬ ದೊಡ್ಡದನ್ನು ಹಿಡಿದರೂ ನಷ್ಟ. ಸಣ್ಣದು ಇನ್ನೂ ಒಮ್ಮೆಯೂ ಸಂತಾನಕ್ಕೆ ನೆರವಾಗಿರುವುದಿಲ್ಲ, ದೊಡ್ಡದು ಲಕ್ಷಗಟ್ಟಲೆ ಮೊಟ್ಟೆ ಹೊತ್ತ ತಾಯಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಇದೇ ಕಾರಣಕ್ಕೆ ತನ್ನ ಪೂರ್ವ ಕರಾವಳಿಯಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕ, 120ಕ್ಕಿಂತ ದೊಡ್ಡ ಸೀಬಾಸನ್ನು ಒಯ್ಯುವಂತಿಲ್ಲ ಎಂದು ಕಟ್ಟಳೆ ಮಾಡಿದೆ. ಅಲ್ಲಿ ಅದಕ್ಕೆ ಬ್ಯಾರಮಂಡಿ ಎನ್ನುತ್ತಾರೆ. ಮೀನಿನ ಜಾತಿ ಮಾತ್ರ ನಮ್ಮ ನೇತ್ರಾವತಿಯದೇ.

ಈಗ ರಾಡಿನ ಮಾತಿಗೆ ಬರೋಣ. ಕೆಂಬೇರಿ ಲ್ಯೂರನ್ನು ಕಚ್ಚಿದ ಮರುಕ್ಷಣವೇ ತನ್ನ ಅಡಗುದಾಣಕ್ಕೆ ತಿರುಗುತ್ತದೆ. ಮೊದಲ ಕೆಲವು ಸೆಕೆಂಡುಗಳಲ್ಲಿ ಅದರ ತಲೆ ಹೊರಳಿಸಲಾಗದಿದ್ದರೆ ದಾರ ಕಂಬಕ್ಕಂಟಿದ ಚಿಪ್ಪುಗಳಿಗೆ ಉಜ್ಜಿ ಕಡಿಯುತ್ತದೆ, ಮೀನು ಬಾಯಲ್ಲಿ ಗಾಳ ಹೊತ್ತೇ ಉಳಿಯುತ್ತದೆ. ತೀರಾ ಬಳುಕುವ ಅಗ್ಗದ ರಾಡ್ ಇಲ್ಲಿ ಸೋಲುತ್ತದೆ. ಅಂಥ ರಾಡಿನಲ್ಲಿ ಮೀನು ತಪ್ಪಿಸಿಕೊಳ್ಳದೆ ಹೋದರೂ ಗತಿ ಒಳ್ಳೆಯದಲ್ಲ: ಎಳೆದಾಟ ಉದ್ದವಾಗುತ್ತದೆ, ಬಿಸಿಲಿಗೆ ಕಾದ, ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಮೀನು ಪೂರ್ತಿ ಸೋತುಹೋಗುತ್ತದೆ, ಬಿಟ್ಟ ಮೇಲೂ ಚೇತರಿಸಿಕೊಳ್ಳುವುದು ಕಷ್ಟ. ಇನ್ನೊಂದು ತುದಿಯಲ್ಲಿ, ಅತಿ ಬಿರುಸಾದ ರಾಡ್ ಎಳೆಮೀನಿನ ತುಟಿಯನ್ನು ಹರಿಯುತ್ತದೆ. ಹತ್ತು ಗ್ರಾಮಿನ ಹಗುರ ಲ್ಯೂರನ್ನು ಅದರಿಂದ ನೆಟ್ಟಗೆ ಎಸೆಯಲೂ ಆಗುವುದಿಲ್ಲ. ನಮ್ಮ ತೋಡುಗಳಿಗೆ ಹೊಂದುವುದು ಆರೂವರೆಯಿಂದ ಏಳು ಅಡಿಯ, ಮೀಡಿಯಂ ಅಥವಾ ಮೀಡಿಯಂ ಹೆವಿ ಬಲದ, ತುದಿಯಲ್ಲಿ ಮಾತ್ರ ಬೇಗ ಬಾಗಿ ಬುಡದಲ್ಲಿ ಗಟ್ಟಿಯಾಗಿ ನಿಲ್ಲುವ ಸ್ಪಿನ್ನಿಂಗ್ ರಾಡ್. ಬುಡದ ಹತ್ತಿರ ಅಚ್ಚೊತ್ತಿದ ಲ್ಯೂರ್ ತೂಕ ಸುಮಾರು 7ರಿಂದ 28 ಗ್ರಾಂ ಇರಲಿ. ಇದಕ್ಕೆ 3000 ಅಥವಾ 4000 ಗಾತ್ರದ ರೀಲ್, ಇಪ್ಪತ್ತು ಪೌಂಡಿನ ಬ್ರೇಡ್ ದಾರ, ಚಿಪ್ಪಿನ ಉಜ್ಜಾಟ ತಡೆಯಲು ಮೂವತ್ತರಿಂದ ನಲವತ್ತು ಪೌಂಡಿನ ಲೀಡರ್ ಜೊತೆಯಾದರೆ ಮೀನನ್ನು ಬೇಗ ದಡಕ್ಕೆ ತರಬಹುದು. ಕಂಪನಿ ಹಾಕಿಕೊಟ್ಟ ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಗಾಳ ಹಾಕಿ, ಅದರ ಕೊಕ್ಕೆಯ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಿಡಿಸುವ ಕೆಲಸ ಕ್ಷಣಮಾತ್ರದ್ದು. ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ಹಾರ್ಬರ್ ತಡೆಗೋಡೆಗೂ ತೋಡಿಗೂ ಒಂದೇ ರಾಡ್ ಸಾಕು, ಎರಡಕ್ಕೆ ಹಣವೆಲ್ಲಿಂದ ಎನ್ನುವವರಿಗೆ ನನ್ನ ಉತ್ತರ ಸರಳ: ಒಂದನ್ನೇ ಕೊಳ್ಳುವುದಾದರೆ ತೋಡಿನದನ್ನೇ ಕೊಳ್ಳಿ. ಒದ್ದೆ ಕಲ್ಲಿನ ತಡೆಗೋಡೆಗಳ ಮೇಲೆ ನಿಲ್ಲುವ ಅಪಾಯವೂ ತಪ್ಪುತ್ತದೆ.

ಗಂಭೀರವಾದ ಆಕ್ಷೇಪ ಬರುವುದು ಮೀನುಗಾರ ಕುಟುಂಬಗಳ ಕಡೆಯಿಂದ. ತಲೆಮಾರುಗಳಿಂದ ಬೀಸುಬಲೆ, ಗಾಳ, ಮರುವಾಯಿ ಚಿಪ್ಪು ಹೆಕ್ಕುವುದರಿಂದ ಹೊಟ್ಟೆ ಹೊರೆಯುತ್ತಿರುವವರ ನೀರಿಗೆ ಭಾನುವಾರದ ಮೋಜಿಗೆಂದು ಬರುವವರು ಪಾಲುದಾರರಾಗುವುದು ಎಷ್ಟು ಸರಿ ಎಂದು ಅವರು ಕೇಳಿದರೆ ಅದಕ್ಕೆ ತೂಕವಿದೆ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರುತ್ತವೆ. ಮೀನಿನ ಸಂತಾನಕ್ಕಾಗಿ ದುಡಿಮೆಯನ್ನೇ ಬಿಟ್ಟು ಕೂರುವ ಶಿಸ್ತನ್ನು ಕಡಲಿನವರು ಪಾಲಿಸಿಕೊಂಡು ಬಂದಿದ್ದಾರೆ. ಬದುಕಿಗಾಗಿ ಹಿಡಿಯುವವರಿಗೆ ಕಟ್ಟಳೆಯಿದ್ದು ಸಂತೋಷಕ್ಕಾಗಿ ಹಿಡಿಯುವವರಿಗೆ ಯಾವ ಅಂಕೆಯೂ ಇಲ್ಲದಿರುವುದು ಅನ್ಯಾಯ. ಹವ್ಯಾಸಿಗಳು ಹಿಡಿದ ಮೀನನ್ನು ಮಾರಬಾರದು, ಬಲೆ ಹಾಕಿದ ಜಾಗದಲ್ಲಿ ಲ್ಯೂರ್ ಎಸೆಯಬಾರದು, ಮನೆಗೊಯ್ಯುವುದು ದಿನಕ್ಕೊಂದು ಎರಡಕ್ಕೆ ಮೀರಬಾರದು. ಮನೆಯವರೊಡನೆ ಕೂತು ತಿನ್ನಲು ಹದವಾದ ಗಾತ್ರದ ಒಂದು ಮೀನು ಒಯ್ಯುವುದರಲ್ಲಿ ತಪ್ಪೇನಿಲ್ಲ. ಫೋಟೋಕ್ಕೆಂದು ಐದಾರನ್ನು ಹಗ್ಗಕ್ಕೆ ಪೋಣಿಸುವುದನ್ನು ಮಾತ್ರ ಒಪ್ಪಲಾರೆ.

ತಿನ್ನದ ಮೀನನ್ನು ನೋಯಿಸಿ ಬಿಡುವುದೇ ಕ್ರೌರ್ಯವಲ್ಲವೇ ಎಂದು ಕೇಳುವವರೂ ಇದ್ದಾರೆ. ನೋವಿಲ್ಲ ಎಂದು ವಾದಿಸುವುದು ನನ್ನಿಂದಾಗದು. ಹೇಳಬಹುದಾದದ್ದು ಇಷ್ಟು: ಯಾರು ಗಾಳ ಹಾಕಿದರೂ ಚಿಕ್ಕ ಮೀನೂ ಕಚ್ಚುತ್ತದೆ, ಅದನ್ನು ಕೊಲ್ಲಬೇಕೋ ಬಿಡಬೇಕೋ ಎಂಬ ಆಯ್ಕೆ ಬಂದೇ ಬರುತ್ತದೆ. ಜೀವಂತ ಸಿಗಡಿ ಚುಚ್ಚಿದ ಗಾಳವನ್ನು ಮೀನು ನುಂಗಿಬಿಡುತ್ತದೆ. ಗಂಟಲಲ್ಲಿ, ಕರುಳಲ್ಲಿ ಸಿಕ್ಕಿದ ಗಾಳ ಬಹಳಷ್ಟು ಮೀನುಗಳಿಗೆ ಮಾರಕ. ಆಡುತ್ತಿರುವ ಲ್ಯೂರಿಗೆ ಎರಗುವ ಮೀನಿಗೆ ಗಾಳ ಸಾಮಾನ್ಯವಾಗಿ ತುಟಿಯಲ್ಲಿ, ದವಡೆಯ ಮೂಲೆಯಲ್ಲಿ ನಾಟುತ್ತದೆ. ಆದ್ದರಿಂದ ಬಿಡಲೇಬೇಕಾದ ಎಳೆಮೀನುಗಳು ತುಂಬಿದ ನೀರಿನಲ್ಲಿ ಲ್ಯೂರೇ ಕಡಿಮೆ ಹಾನಿಯ ದಾರಿ, ಅದಕ್ಕೆ ಸರಿಯಾದ ರಾಡ್ ಇದ್ದರೆ, ಹಿಡಿಯುವ ಕೈ ಒದ್ದೆಯಾಗಿದ್ದರೆ, ಮೀನನ್ನು ಬಿಸಿ ಕಾಂಕ್ರೀಟಿನ ಮೇಲೆ ಹೊರಳಾಡಿಸದಿದ್ದರೆ.

ಇನ್ನು, ನೇತ್ರಾವತಿಯ ಮೀನಿಗೆ ಕಂಟಕವಾಗಿರುವುದು ನಾಲ್ಕು ರಾಡುಗಳೇ ಎಂಬ ಪ್ರಶ್ನೆ. ಅಲ್ಲವೇ ಅಲ್ಲ. ಮರಳುಗಾರಿಕೆ ಪಾವೂರು ಉಳಿಯದಂಥ ನಡುಗಡ್ಡೆಗಳನ್ನೇ ಕೊರೆಯುತ್ತಿದೆ. ಕೋಟೆಪುರದ ಮೀನೆಣ್ಣೆ ಕಾರ್ಖಾನೆಗಳ ತ್ಯಾಜ್ಯದ ಬಗ್ಗೆ ಊರವರ ದೂರು ಹಳೆಯದು. ತುಂಬೆಯ ಕಿಂಡಿ ಅಣೆಕಟ್ಟಿನ ಕೆಳಗೆ, ಹರೇಕಳದಲ್ಲಿ, ಉಪ್ಪುನೀರು ಮೇಲೇರದಂತೆ ಇನ್ನೊಂದು ಅಣೆಕಟ್ಟು ಎದ್ದಿದೆ. ಕುಡಿಯುವ ನೀರಿಗೆ ಅದು ಬೇಕಿರಬಹುದು, ಆದರೆ ಸಿಹಿನೀರಿಗೆ ಏರಿ ಬೆಳೆದು, ಮೊಟ್ಟೆಯಿಡಲು ಅಳಿವೆಗೆ ಇಳಿಯುವ ಸೀಬಾಸ್‌ಗೆ ದಾರಿ ಅಷ್ಟರಮಟ್ಟಿಗೆ ಮುಚ್ಚಿತು. ಇವುಗಳ ಮುಂದೆ ಹವ್ಯಾಸಿಯ ಪಾಲು ಸಣ್ಣದು ಎಂಬುದನ್ನು ಒಪ್ಪುತ್ತೇನೆ. ಆದರೂ ಇಷ್ಟೆಲ್ಲ ಒತ್ತಡದ ನಡುವೆ ಉಳಿದ ಎಳೆಮೀನಿನ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಜೊತೆಗೆ, ಮೀನು ಕಡಿಮೆಯಾಗುತ್ತಿದೆ ಎಂದು ದಾಖಲೆ ಸಮೇತ ಹೇಳಬಲ್ಲವರು ದಡದಲ್ಲಿ ದಿನವೂ ನಿಲ್ಲುವವರೇ.

ಇದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಕಾವೇರಿ ತೀರದ ಭೀಮೇಶ್ವರಿ, ಗಾಲಿಬೋರೆ ಶಿಬಿರಗಳಲ್ಲಿ ಮಹಶೀರ್ ಮೀನನ್ನು ರಾಡಿನಲ್ಲಿ ಹಿಡಿದು, ಅಳೆದು, ತೂಗಿ ಬಿಡುವ ಪದ್ಧತಿಯಿತ್ತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವಿದೆ. ಸಂಶೋಧಕರು ಅದನ್ನು ಬಿಡಿಸಿ ನೋಡಿದಾಗ ಕಂಡದ್ದು ಆಘಾತಕಾರಿ: ಮೀನುಗಳ ಒಟ್ಟು ಸಂಖ್ಯೆ ಏರುತ್ತಿದ್ದರೂ ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಸಿಯುತ್ತಿತ್ತು, ಸಿಗುತ್ತಿದ್ದ ಕೆಲವೂ ಹಳೆಯ ದೊಡ್ಡವು, ಮರಿಗಳೇ ಇರಲಿಲ್ಲ. ಇಂದು ಆ ಮೀನು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಆ ಶಿಬಿರಗಳಿರುವ ಅಭಯಾರಣ್ಯದೊಳಗೆ ಗಾಳ ಹಾಕುವುದನ್ನು ನಂತರ ನಿಲ್ಲಿಸಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಹವ್ಯಾಸಿಗಳು ಬರೆದಿಡದಿದ್ದರೆ ಆ ಕುಸಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಿಯಮ ಮಾಡಿದರೂ ಕಾಯುವವರಾರು ಎನ್ನುವವರಿಗೂ ಇದೇ ಉತ್ತರ. ಪ್ರತಿ ತೋಡಿಗೊಬ್ಬ ಕಾವಲುಗಾರ ಸಾಧ್ಯವಿಲ್ಲ. ಅಳತೆಯ ಪಟ್ಟಿ ರಾಡಿನ ಮೇಲೇ ಅಂಟಿಸಿಕೊಂಡು, ಹಿಡಿದದ್ದನ್ನು ಬರೆದಿಡುವ ಬಳಗ ಸಾಧ್ಯವಿದೆ.

ಈ ಯೋಚನೆ ಹೊರಗಿನಿಂದ ಹೊಸದಾಗಿ ಬಂದದ್ದೂ ಅಲ್ಲ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ‘ದ ರಾಡ್ ಇನ್ ಇಂಡಿಯಾ’ ಪುಸ್ತಕ ತಂದದ್ದು ಇದೇ ಮಂಗಳೂರಿನಿಂದ. ಭಾರತದಲ್ಲಿ ರಾಡ್ ಹಿಡಿಯುವವರು ಇಂದಿಗೂ ನೆನೆಯುವ ಆ ಪುಸ್ತಕದ ವಿಷಯ ಬರೀ ಮೋಜು ಆಗಿರಲಿಲ್ಲ. ಮೀನಿನ ಸ್ವಭಾವ, ಸಾಕಣೆ, ಆಹಾರವಾಗಿ ಅದರ ಬೆಲೆ ಎಲ್ಲವೂ ಅದರಲ್ಲಿದ್ದವು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕಾ ಕಾಯಿದೆ ಬಂದದ್ದು ಅದಾಗಿ ಇಪ್ಪತ್ತನಾಲ್ಕು ವರ್ಷದ ಮೇಲೆ, 1897ರಲ್ಲಿ. ಗಡಿಯಾಚೆ ಕೇರಳ 2015ರಲ್ಲೇ ಹಲವು ಜಾತಿಯ ಕಡಲಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿದೆ.

ನಮ್ಮಲ್ಲಿ ಇದಕ್ಕೆ ಬೇಕಾದ ತಿಳಿವಳಿಕೆಗೆ ಕೊರತೆಯಿಲ್ಲ. 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಉಳ್ಳಾಲದಿಂದ ನದಿ ದಾಟಿದರೆ ಎಕ್ಕೂರಿನಲ್ಲಿದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಮಂಗಳೂರಿನಲ್ಲೇ ಇದೆ. ಮೀನುಗಾರಿಕಾ ಇಲಾಖೆ ಈ ಎರಡು ಸಂಸ್ಥೆಗಳನ್ನೂ ಉಳ್ಳಾಲದ ಮೀನುಗಾರರ ಮುಖಂಡರನ್ನೂ ಒಂದೆಡೆ ಕೂರಿಸಿ, ನೇತ್ರಾವತಿ ಅಳಿವೆಯಲ್ಲಿ ಸೀಬಾಸ್‌ಗೆ ಕೆಳಗಿನ ಮತ್ತು ಮೇಲಿನ ಗಾತ್ರ, ಕೆಂಬೇರಿಗೆ ಕನಿಷ್ಠ ಗಾತ್ರ, ಹವ್ಯಾಸಿಗೆ ದಿನದ ಮಿತಿ ಇವಿಷ್ಟನ್ನು ಗೊತ್ತುಪಡಿಸಲಿ. ರಾಡ್ ಮಾರುವ ಅಂಗಡಿಗಳು ಆ ಅಳತೆಯ ಚೀಟಿಯನ್ನು ಪ್ರತಿ ರಾಡಿನ ಜೊತೆ ಕೊಡಲಿ. ಅದು ಬರುವವರೆಗೆ ಕಾಯದೆ, ಈ ವಾರ ರಾಡ್ ಕೊಳ್ಳಲು ಹೊರಟವರು ಏಳು ಅಡಿಗಿಂತ ಉದ್ದದ್ದನ್ನು ಬದಿಗಿಟ್ಟು, ಒಂಟಿ ಗಾಳದ ಪೊಟ್ಟಣ ಮತ್ತು ಒಂದು ಇಕ್ಕಳವನ್ನು ಅದೇ ಬಿಲ್ಲಿಗೆ ಸೇರಿಸಿಕೊಳ್ಳಿ. 60 ಸೆಂಟಿಮೀಟರಿಗಿಂತ ಚಿಕ್ಕ, ಒಂದು ಮೀಟರಿಗಿಂತ ದೊಡ್ಡ ಸೀಬಾಸ್ ಸಿಕ್ಕಿದರೆ ದಯವಿಟ್ಟು ನೀರಿಗೆ ಬಿಡಿ.