ಉಣ್ಣೆ ಮೊದಲೇ ಕೊಳ್ಳಿ, ತೀರ್ಮಾನ ಆಮೇಲೆ ಮಾಡಿ

ಹೋದ ಮಳೆಗಾಲದಲ್ಲಿ ಬೆಂಗಳೂರಿನ ಉಡುಪು ಕಂಪನಿಯೊಂದರಿಂದ ಫೋನ್ ಬಂತು. ಅಪ್ಪಟ ಕರಿ ಉಣ್ಣೆಯ 60 ಶಾಲು ಬೇಕು, 20 ದಿನದಲ್ಲಿ. ಉಳ್ಳಾರ್ತಿ ಕಾವಲಿನ ಪಕ್ಕದ ನಮ್ಮ ಹಟ್ಟಿಯಲ್ಲಿ ಮಗ್ಗ ಖಾಲಿ ಇತ್ತು, ನೇಯುವ ಕೈಗಳೂ ಇದ್ದವು. ಇರದಿದ್ದದ್ದು ನೂಲು. ಕುರಿಗೆ ಕತ್ತರಿ ಹಾಕುವುದು ವರ್ಷಕ್ಕೆ ಎರಡೇ ಸಲ. ಆ ಉಣ್ಣೆ ಆಗಲೇ ಮಾರಿಹೋಗಿತ್ತು. ಆರ್ಡರ್ ಕೈತಪ್ಪಿತು.

ನಾನು 11 ವರ್ಷ ಗಾರ್ಮೆಂಟ್ಸ್‌ನಲ್ಲಿ ಮರ್ಚಂಡೈಸರ್ ಆಗಿದ್ದವಳು. ಅಲ್ಲಿ ‘ಬೇಗ’ ಅಂದರೆ ಹೊಲಿಯುವ ಹೆಂಗಸಿನ ಕೈ ಬೇಗ ಓಡಬೇಕು ಅಂತಲೇ ಅರ್ಥ. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಒಂದು ಕಾಲರಿನ ಅಳತೆ ಒಪ್ಪಿಗೆಯಾಗಲು ಮೂರು ವಾರ ಮೇಲ್ ಓಡಾಡುತ್ತಿತ್ತು. ಕಳೆದ ಆ ಮೂರು ವಾರವನ್ನು ಕೊನೆಗೆ ಲೈನಿನಲ್ಲಿ ಕೂತವಳ ಊಟದ ಹೊತ್ತಿನಿಂದ ಕಿತ್ತುಕೊಳ್ಳುತ್ತಿದ್ದರು. ಈ ಅನ್ಯಾಯವನ್ನು ನಾನು ಇವತ್ತಿಗೂ ಮರೆತಿಲ್ಲ.

ಕಂಬಳಿಯಲ್ಲಿ ಹಾಗೆ ಕಿತ್ತುಕೊಳ್ಳಲೂ ಆಗುವುದಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ರುಬ್ಬಿ, ಕುದಿಸಿ ‘ಸರಿ’ ಎಂಬ ಗಂಜಿ ಮಾಡುತ್ತೇವೆ. ಹಾಸು ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಸರಿ ಬಳಿದು, ಕುಂಚದಿಂದ ತಿಕ್ಕುತ್ತಾ ಬಿಸಿಲಿಗೆ ಒಣಗಿಸಬೇಕು. ಮೋಡ ಕವಿದರೆ ಆ ದಿನ ಹೋಯಿತು. ಹಾಗೆ ಗಟ್ಟಿಯಾದ ಎಳೆಯೇ ಗುಣಿ ಮಗ್ಗದ ಏಟು ತಡೆಯುವುದು.

ಹಾಗಾದರೆ ಬೇಗ ಆಗಬೇಕಾದದ್ದು ಎಲ್ಲಿ? ಸರಕು ಕೊಳ್ಳುವುದರಲ್ಲಿ, ಒಪ್ಪಿಗೆ ಕೊಡುವುದರಲ್ಲಿ. ಇಟಲಿಯ ಬೆನೆಟನ್ ಕಂಪನಿ ಉಣ್ಣೆಯ ಸ್ವೆಟರುಗಳನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಯಾವ ಬಣ್ಣ ಓಡುತ್ತಿದೆ ಎಂದು ಅಂಗಡಿಗಳಿಂದ ತಿಳಿದ ಮೇಲೆ ಬಣ್ಣಕ್ಕೆ ಹಾಕಿಸುತ್ತಿತ್ತು. ಸ್ಪೇನಿನ ಜಾರಾ ಎರಡು ಮೂರು ವಾರದಲ್ಲಿ ಹೊಸ ವಿನ್ಯಾಸವನ್ನು ಅಂಗಡಿಗೆ ತರುತ್ತದೆ ಎಂದು ನಮ್ಮವರು ಕೊಂಡಾಡುತ್ತಾರೆ. ಬಣ್ಣ ಹಾಕದ ಬಟ್ಟೆಯನ್ನು ಅದು ಮೊದಲೇ ದುಡ್ಡು ಕೊಟ್ಟು ಕೊಂಡಿಟ್ಟಿರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನಮ್ಮ ಉಣ್ಣೆಗೆ ಬಣ್ಣ ಕುರಿಯೇ ಕೊಡುತ್ತದೆ: ಕರಿ, ಬೂದು, ಕಂದು. ಕತ್ತರಿಸಿದ ದಿನವೇ ಬಣ್ಣ ಬೇರೆ ಮಾಡಿ, ಹಿಂಜಿ, ನೂತಿಟ್ಟರೆ ಅದು ಶಾಲಾಗಬೇಕೋ, ಚೀಲವಾಗಬೇಕೋ, ಗದ್ದಿಗೆಗೆ ಹಾಸುವ ಕಂಬಳಿಯಾಗಬೇಕೋ ಆಮೇಲೆ ನೋಡಿಕೊಳ್ಳಬಹುದು. ಆದರೆ ಕುರಿಗಾರರು ಉಣ್ಣೆ ಇಟ್ಟುಕೊಂಡು ಕಾಯಲಾರರು. ಕುರಿ ಮೇಯುತ್ತಿದ್ದ ಕಾವಲಿನ ಜಮೀನಿಗೆ ಗೋಡೆ ಬಂದ ಮೇಲೆ ಮೇವಿಗೆ ದೂರ ನಡೆಯಬೇಕು. ಮಾಂಸದ ಆಸೆಗೆ ಉಣ್ಣೆಯಿಲ್ಲದ ತಳಿ ಸಾಕುವವರೂ ಹೆಚ್ಚಿದ್ದಾರೆ. ನೂಲುವ ಅಜ್ಜಿಯರಿಗೆ ಸಂತೆಯ ದಿನ ಕೂಲಿ ಕೈಗೆ ಸಿಗಲೇಬೇಕು.

ಕಂಪನಿಗಳು ಕತ್ತರಿ ಹಾಕುವ ಹೊತ್ತಿಗೇ ಬಂದು ಉಣ್ಣೆಗೆ, ನೂಲುವ ಕೂಲಿಗೆ ಹಣ ಕಟ್ಟಲಿ. ಮಗ್ಗದ ಪಕ್ಕದಲ್ಲೇ ನಿಂತು ‘ಸರಿ, ಇದೇ ಇರಲಿ’ ಎನ್ನುವ ಅಧಿಕಾರವಿರುವ ಒಬ್ಬರನ್ನು ಕಳಿಸಲಿ. ಉಳಿದದ್ದನ್ನು ಹಟ್ಟಿ ನೋಡಿಕೊಳ್ಳುತ್ತದೆ.

ಈ ಸಲ ಸ್ವಸಹಾಯ ಸಂಘದಿಂದ ಸಾಲ ತೆಗೆದು 40 ಕೆಜಿ ಕರಿ ಉಣ್ಣೆ ಕೊಂಡಿದ್ದೇವೆ. ನಮ್ಮತ್ತೆ ಮತ್ತು ಪಕ್ಕದ ಮನೆಯ ಇಬ್ಬರು ಮಧ್ಯಾಹ್ನ ಜಗಲಿಯ ಮೇಲೆ ರಾಟೆ ಹಿಡಿದು ಕೂರುತ್ತಾರೆ. ನೂಲಿನ ಉಂಡೆಗಳಿಗೆ ಹುಳ ಬೀಳದಂತೆ ಬೇವಿನ ಸೊಪ್ಪು ಹಾಕಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇವೆ. ಸಾಲದ ಬಡ್ಡಿಯನ್ನು ಈಗ ನಾವು ಮೂರು ಮನೆಯವರು ಕಟ್ಟುತ್ತಿದ್ದೇವೆ. 20 ದಿನದಲ್ಲಿ ಶಾಲು ಬೇಕೆನ್ನುವ ಕಂಪನಿ ಮುಂದಿನ ಕತ್ತರಿಯಿಂದ ಆ ಬಡ್ಡಿಯನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಲಿ.