ನಡುವಯಸ್ಸಿನಲ್ಲಿ ಹೊಸ ಕಸುಬು

ವೃತ್ತಿಯನ್ನು ಬದಲಿಸಬೇಕೆಂಬ ಆಲೋಚನೆ ಇಪ್ಪತ್ತರ ಹರೆಯದವನಿಗೆ ಬಂದರೆ ಅದನ್ನು ಉತ್ಸಾಹವೆನ್ನುತ್ತೇವೆ; ನಲವತ್ತು ದಾಟಿದವನಿಗೆ ಬಂದರೆ ಚಂಚಲತೆಯೆನ್ನುತ್ತೇವೆ. ಒಂದೇ ಆಲೋಚನೆಗೆ ಎರಡು ಅಳತೆಗೋಲು ಏಕೆಂದು ನಾವು ಕೇಳಿಕೊಳ್ಳುವುದು ವಿರಳ. ತೆಂಗಳಿಯಂತಹ ಊರಿನ ತರುಣನೊಬ್ಬ ಎಂಜಿನಿಯರಿಂಗ್ ಮುಗಿಸಿ, ವಾಡಿ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಿ, ತಂತ್ರಾಂಶ ಕಂಪನಿ ಸೇರುವುದು ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳ ಕಡೆ ಈಗ ಹೊಸ ಸಂಗತಿಯಲ್ಲ. ಆದರೆ ಆ ತರುಣನ ಚಿಕ್ಕಪ್ಪನ ವಯಸ್ಸಿನವರೂ ಇಂದು ಅದೇ ದಾರಿಯನ್ನು ನೋಡುತ್ತಿದ್ದಾರೆ. ಫರಸಿ ಖಣಿಯ ಲೆಕ್ಕ ಬರೆಯುವವರು, ಖಾಸಗಿ ಶಾಲೆಯಲ್ಲಿ ಪಾಠ ಹೇಳುವವರು, ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವರು, ಮಕ್ಕಳನ್ನು ಬೆಳೆಸಿ ಮತ್ತೆ ದುಡಿಮೆಗೆ ಹೊರಡಬೇಕೆನ್ನುವ ತಾಯಂದಿರು, 'ಈಗ ಕಲಿತರೆ ನನ್ನಿಂದಾದೀತೇ?' ಎಂದು ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ ಒಂದು ಮನೆಯ ಊಟ, ಮಕ್ಕಳ ಶುಲ್ಕ, ತೀರಿಸಬೇಕಾದ ಸಾಲ ನಿಂತಿರುತ್ತವೆ. ಆದ್ದರಿಂದ ಅದನ್ನು ಹಗುರವಾಗಿ ನೋಡಲಾಗದು.

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. 'ಕಲಿಕೆಗೆ ವಯಸ್ಸಿಲ್ಲ, ಆರು ತಿಂಗಳು ಬನ್ನಿ, ಲಕ್ಷದ ಸಂಬಳ ಪಡೆಯಿರಿ' ಎಂಬುದು ಜಾಹೀರಾತಿನ ಉತ್ತರ. 'ಈ ವಯಸ್ಸಿನಲ್ಲಿ ಇದೆಲ್ಲ ಏತಕ್ಕೆ? ಇದ್ದುದನ್ನು ಉಳಿಸಿಕೊಂಡರೆ ಸಾಕು' ಎಂಬುದು ಮನೆಯ ಹಿರಿಯರ ಉತ್ತರ. ಒಂದು ಇನ್ನೊಂದಕ್ಕೆ ವಿರುದ್ಧವೆಂದು ತೋರಿದರೂ ಎರಡರಲ್ಲಿಯೂ ಒಂದೇ ದೋಷವಿದೆ. ಆ ವ್ಯಕ್ತಿ ಇಪ್ಪತ್ತು ವರ್ಷ ದುಡಿದು ಗಳಿಸಿದ ತಿಳಿವಳಿಕೆಯನ್ನು ಎರಡೂ ಶೂನ್ಯವೆಂದು ಎಣಿಸುತ್ತವೆ. ಅದನ್ನು ಬಿಟ್ಟು ಹೊಸದಾಗಿ ಹುಟ್ಟಿ ಬಾ ಎನ್ನುತ್ತದೆ ಮೊದಲನೆಯದು. ಹೊಸದಾಗಿ ಹುಟ್ಟಲಾರೆ, ಸುಮ್ಮನಿರು ಎನ್ನುತ್ತದೆ ಎರಡನೆಯದು. ಹಳೆಯ ಕಸುಬಿನ ತಿಳಿವಳಿಕೆಯೇ ಹೊಸ ಕಸುಬಿಗೆ ಬಂಡವಾಳವಾಗಬಲ್ಲದೆಂಬುದು ಎರಡಕ್ಕೂ ಹೊಳೆಯುವುದಿಲ್ಲ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ. ರೇಖಾಗಣಿತದಲ್ಲಿ ಎಳೆಯರೂ ನಿಪುಣರಾಗಬಲ್ಲರು. ಆದರೆ ವ್ಯವಹಾರ ವಿವೇಕ ಅವರಲ್ಲಿ ಕಾಣಸಿಗುವುದು ಅಪರೂಪ, ಏಕೆಂದರೆ ಅದಕ್ಕೆ ಅನುಭವ ಬೇಕು, ಅನುಭವಕ್ಕೆ ಕಾಲ ಬೇಕು. ತಂತ್ರಾಂಶ ರಚನೆಯಲ್ಲಿ ಈ ಎರಡು ಅಂಶಗಳೂ ಇವೆ. ಯಂತ್ರಕ್ಕೆ ತಪ್ಪಿಲ್ಲದಂತೆ ಆದೇಶ ಬರೆಯುವುದು ರೇಖಾಗಣಿತಕ್ಕೆ ಸಮೀಪವಾದುದು. ಅದನ್ನು ಇಪ್ಪತ್ತೆರಡರ ತರುಣ ವೇಗವಾಗಿ ಕಲಿಯುತ್ತಾನೆ. ಯಾವ ಆದೇಶ ಬರೆಯಬೇಕು, ಯಾರಿಗಾಗಿ, ಎಲ್ಲಿ ತಪ್ಪಿದರೆ ಯಾರಿಗೆ ನಷ್ಟ ಎಂಬುದನ್ನು ಅರಿಯುವುದು ವಿವೇಕದ ಕೆಲಸ.

ನಮ್ಮ ನುಡಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಇಂದು ನಾಡಿನ ಕಚೇರಿಗಳಲ್ಲಿ ಬಳಕೆಯಲ್ಲಿರುವ ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಮೂಲವನ್ನು ಒದಗಿಸಿದವರು ನಾಡೋಜ ಕೆ. ಪಿ. ರಾವ್. 1940ರಲ್ಲಿ ಜನಿಸಿದ ಅವರು 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶವನ್ನು ರೂಪಿಸಿದ್ದು 1980ರ ದಶಕದ ಕೊನೆಯಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು. ಅಕ್ಷರ ಜೋಡಣೆಯ ತಂತ್ರವನ್ನೂ ಕನ್ನಡ ಲಿಪಿಯ ಒಳಮರ್ಮವನ್ನೂ ಬಲ್ಲವರು ಅವರು. ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಎಣಿಸಿದರೆ ಕನ್ನಡಕ್ಕೆ ಸಾವಿರಾರು ರೂಪಗಳು ಬೇಕು, ಕೀಲಿಗಳಾದರೋ ಕೆಲವೇ. ರೂಪಕ್ಕೊಂದು ಕೀಲಿ ಹುಡುಕದೆ, ನಾವು ಉಚ್ಚರಿಸುವ ಕ್ರಮದಲ್ಲಿಯೇ ವ್ಯಂಜನ, ಸ್ವರಗಳನ್ನು ಒತ್ತುತ್ತ ಹೋದರೆ ರೂಪವನ್ನು ಯಂತ್ರವೇ ಕಟ್ಟಿಕೊಡುವಂತೆ ಅವರು ಯೋಜಿಸಿದರು. ಈ ಪರಿಹಾರ ದೊರೆತದ್ದು ಯಂತ್ರವನ್ನು ಬಲ್ಲುದರಿಂದ ಮಾತ್ರವಲ್ಲ, ಲಿಪಿಯನ್ನು ಬಲ್ಲುದರಿಂದ.

ಡಾ. ಯು. ಬಿ. ಪವನಜ ಅವರದು ವೃತ್ತಿಯನ್ನೇ ತೊರೆದು ಬಂದ ನಿದರ್ಶನ. ರಸಾಯನಶಾಸ್ತ್ರದ ವಿಜ್ಞಾನಿಯಾಗಿ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ 15 ವರ್ಷ ದುಡಿದ ಅವರು 1997ರಲ್ಲಿ ಆ ಭದ್ರವಾದ ಹುದ್ದೆಯನ್ನು ಬಿಟ್ಟು ಗಣಕದಲ್ಲಿ ಕನ್ನಡದ ಬಳಕೆಗೆ ತಮ್ಮನ್ನು ಮುಡಿಪಿಟ್ಟರು. ಆದರೆ ಅದಕ್ಕೆ ಮೊದಲೇ, 1996ರಲ್ಲಿಯೇ, ಅಂತರಜಾಲದಲ್ಲಿ ಕನ್ನಡದ ಮೊದಲ ತಾಣವೆನಿಸಿದ 'ವಿಶ್ವಕನ್ನಡ'ವನ್ನು ಅವರು ಆರಂಭಿಸಿದ್ದರು. ಮಕ್ಕಳು ಕನ್ನಡದಲ್ಲಿಯೇ ಆದೇಶ ಕೊಟ್ಟು ಕಲಿಯುವ 'ಕನ್ನಡ ಲೋಗೋ' ಅವರ ಕೊಡುಗೆ. ಹೊಸ ದಡದಲ್ಲಿ ಕಾಲೂರುವ ನೆಲ ಸಿಕ್ಕಿದ ಮೇಲೆಯೇ ಹಳೆಯ ದಡವನ್ನು ಬಿಟ್ಟ ಈ ಕ್ರಮ ಗಮನಾರ್ಹವಾದುದು.

ಹೊರನಾಡಿನ ಒಂದು ಉದಾಹರಣೆಯನ್ನೂ ನೋಡಬಹುದು. ಜಪಾನಿನ ಮಸಾಕೊ ವಕಮಿಯಾ ಎಂಬಾಕೆ ಬ್ಯಾಂಕಿನಲ್ಲಿ ನಾಲ್ಕು ದಶಕಗಳ ಕಾಲ ದುಡಿದು, ನಿವೃತ್ತಿಯ ವೇಳೆಗೆ ಕಂಪ್ಯೂಟರ್ ಕಲಿಯತೊಡಗಿದರು. ಮೊಬೈಲಿನಲ್ಲಿ ವೃದ್ಧರು ಆಡಬಹುದಾದ ಆಟಗಳಿಲ್ಲವೆಂದು ಕಂಡು, ಪ್ರೋಗ್ರಾಮ್ ಬರೆಯುವುದನ್ನೂ ಕಲಿತು, 2017ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, 'ಹಿನಾದಾನ್' ಎಂಬ ಆಟವನ್ನು ಹೊರತಂದರು. ವೃದ್ಧರ ಕೈಬೆರಳು ಎಷ್ಟು ನಿಧಾನ, ಅವರ ನೆನಪಿನಲ್ಲಿ ಯಾವ ಹಬ್ಬ ಹಸಿರಾಗಿದೆ ಎಂಬುದು ಆಕೆಗೆ ಸ್ವಂತ ಅನುಭವದಿಂದ ತಿಳಿದಿತ್ತು.

ಈಗ ನಮ್ಮ ಭಾಗಕ್ಕೆ ಮರಳೋಣ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಕಲಬುರಗಿ ತೊಗರಿಬೇಳೆಯ ನಾಡು ಇದು. ಅಡತಿ ಅಂಗಡಿಯಲ್ಲಿ ಕುಳಿತು ವರ್ಷಗಟ್ಟಲೆ ಲೆಕ್ಕ ಬರೆದವರಿಗೆ ತೊಗರಿಯ ತೇವಾಂಶ, ತೂಕದ ಕಡಿತ, ಹಮಾಲಿ, ರೈತ ಮೊದಲೇ ಪಡೆದ ಮುಂಗಡ ಎಲ್ಲವೂ ಕರತಲಾಮಲಕ. ಶಹಾಬಾದಿನ ಕಲ್ಲಿನ ವ್ಯವಹಾರವನ್ನು ಬಲ್ಲವರಿಗೆ ದಪ್ಪ, ಚದರಡಿ, ಒಡೆದು ಹೋಗುವ ಪ್ರಮಾಣ, ಲಾರಿ ಬಾಡಿಗೆ ತಿಳಿದಿರುತ್ತದೆ. ಈ ವ್ಯವಹಾರಗಳಿಗೆ ಸರಿಹೊಂದುವ ಒಂದು ಸಣ್ಣ ತಂತ್ರಾಂಶವನ್ನು, ಕನ್ನಡದಲ್ಲಿ ರಸೀದಿ ಕೊಡುವಂತೆ, ರೈತನಿಗೆ ತನ್ನ ಲೆಕ್ಕ ತಾನೇ ಕಾಣುವಂತೆ ರಚಿಸುವುದಾದರೆ, ಅದು ಬೆಂಗಳೂರಿನ ತರುಣನಿಗಿಂತ ಇಂಥವರಿಗೇ ಸುಲಭವಲ್ಲವೇ? ತನ್ನ ಕಸುಬನ್ನು ಬಿಟ್ಟು ತಂತ್ರಾಂಶದ ಕಡೆಗೆ ಓಡುವುದಕ್ಕಿಂತ, ತಂತ್ರಾಂಶವನ್ನು ತನ್ನ ಕಸುಬಿನೊಳಕ್ಕೆ ತರುವುದು ನಡುವಯಸ್ಸಿಗೆ ಒಪ್ಪುವ ದಾರಿ.

ಕಾಲದ ಗತಿಯೂ ಇದನ್ನೇ ಸೂಚಿಸುತ್ತಿದೆ. ದೇಶದ ಅತಿ ದೊಡ್ಡ ತಂತ್ರಾಂಶ ಸಂಸ್ಥೆಯಾದ ಟಿ.ಸಿ.ಎಸ್. 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು, ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಮಧ್ಯಮ ಮತ್ತು ಹಿರಿಯ ಶ್ರೇಣಿಯವರೇ ಅದರಲ್ಲಿ ಹೆಚ್ಚು. ಹೊಸಬರ ನೇಮಕಾತಿ ಬಹುಮಟ್ಟಿಗೆ ಕಾಲೇಜುಗಳಿಂದಲೇ ನಡೆಯುತ್ತದೆ. ನಲವತ್ತರವರನ್ನು ಅಲ್ಲಿ ಯಾರೂ ಕಾಯುತ್ತಿಲ್ಲ. 371(ಜೆ) ವಿಧಿಯ ಮೀಸಲಾತಿ ಶಿಕ್ಷಣಕ್ಕೂ ಸರ್ಕಾರಿ ಹುದ್ದೆಗೂ ಅನ್ವಯಿಸುತ್ತದೆಯೇ ಹೊರತು ಖಾಸಗಿ ಕಂಪನಿಯ ಬಾಗಿಲನ್ನು ತೆರೆಯುವುದಿಲ್ಲ. ಇದರ ಮೇಲೆ, ಕೃತಕ ಬುದ್ಧಿಮತ್ತೆಯ ಯಂತ್ರಗಳು ಸಾಧಾರಣ ಪ್ರೋಗ್ರಾಮುಗಳನ್ನು ಈಗ ತಾವೇ ಬರೆದುಕೊಡುತ್ತಿವೆ. ಬರೆಯುವ ಕೈಚಳಕ ಅಗ್ಗವಾದಷ್ಟೂ ಏನನ್ನು ಬರೆಯಬೇಕೆಂದು ಬಲ್ಲವರ ಬೆಲೆ ಏರುವುದು ಸಹಜ. ಆದರೆ ಯಂತ್ರ ಬರೆದುದು ಸರಿಯೋ ತಪ್ಪೋ ಎಂದು ತೀರ್ಮಾನಿಸುವಷ್ಟಾದರೂ ವಿದ್ಯೆ ಬೇಕೇ ಬೇಕು. ಕಲಿಕೆಯನ್ನು ತಪ್ಪಿಸಿಕೊಳ್ಳುವ ಅಡ್ಡದಾರಿ ಇಲ್ಲಿಲ್ಲ.

ಆದ್ದರಿಂದ ಕೆಲವು ಎಚ್ಚರಿಕೆಗಳು ಅವಶ್ಯ. ಹೊಲವನ್ನು ಒತ್ತೆಯಿಟ್ಟು, ಒಡವೆಯನ್ನು ಅಡವಿಟ್ಟು ಶುಲ್ಕ ಕಟ್ಟಬೇಡಿ. 'ಕೆಲಸ ಖಚಿತ' ಎನ್ನುವವರ ಕರಾರುಪತ್ರವನ್ನು ಸಹಿ ಹಾಕುವ ಮುನ್ನ ತಿಳಿದವರಿಂದ ಓದಿಸಿ. ಕಂತಿನ ಶುಲ್ಕವೆಂಬ ಹೆಸರಿನಲ್ಲಿ ಅಡಗಿರುವುದು ಅನೇಕ ಸಲ ಸಾಲವೇ. ಕೇಂದ್ರ ಸರ್ಕಾರದ 'ಸ್ವಯಂ' ಪಾಠಗಳು ಉಚಿತವಾಗಿವೆ, ಐ.ಐ.ಟಿ. ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಕನ್ನಡದ ವಿವರಣೆಯಿರುವ ಪಾಠಗಳೂ ದೊರೆಯುತ್ತವೆ. ಮೊದಲು ಇವುಗಳೊಡನೆ ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಕುಳಿತು ನೋಡಿ. ಮನಸ್ಸು ನಿಲ್ಲುತ್ತದೆಯೋ ಇಲ್ಲವೋ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ. ನೆರೆಯವರೊಬ್ಬರ ನಿಜವಾದ ತೊಂದರೆಯೊಂದನ್ನು ನೀಗಿಸುವ ಪ್ರೋಗ್ರಾಮನ್ನು ರಚಿಸಿ, ಅವರು ಅದನ್ನು ದಿನವೂ ಬಳಸುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಎಲ್ಲಕ್ಕಿಂತ ಮೊದಲು ಮನೆಯವರ ಸಮ್ಮತಿಯನ್ನು ಪಡೆಯಿರಿ. ಒಬ್ಬರು ಓದಲು ಕುಳಿತ ಹೊತ್ತಿನಲ್ಲಿ ಮನೆಯ ಭಾರವನ್ನು ಹೊರುವವರು ಇನ್ನೊಬ್ಬರಲ್ಲವೇ?

ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದ ತಿರುಳು, ದುಡಿಮೆಯ ಘನತೆ ಅದನ್ನು ಮಾಡುವ ಮನುಷ್ಯನಲ್ಲಿದೆಯೇ ವಿನಾ ಕೆಲಸದ ಬಗೆಯಲ್ಲಿಲ್ಲ ಎಂಬುದಾಗಿದೆ. ಹಾಗಿರುವಾಗ ಪ್ರಯತ್ನಿಸಿ ಫಲಿಸದೆ ಹಳೆಯ ಕೆಲಸಕ್ಕೆ ಮರಳಿದವರನ್ನು ನಗೆಗೀಡು ಮಾಡುವ ಹಕ್ಕು ನಮಗಿಲ್ಲ.

ಹಿರಿಯರಲ್ಲಿ ನನ್ನ ಬಿನ್ನಹ, 'ಈ ವಯಸ್ಸಿನಲ್ಲಿ ಏತಕ್ಕೆ?' ಎನ್ನುವ ಬದಲು 'ಯಾವುದಕ್ಕಾಗಿ ಕಲಿಯುತ್ತೀ?' ಎಂದು ಕೇಳಿರಿ. ಮೊದಲನೆಯ ಮಾತು ಬಾಗಿಲು ಮುಚ್ಚುತ್ತದೆ. ಎರಡನೆಯದು ಯೋಚಿಸಲು ಹಚ್ಚುತ್ತದೆ. ತರುಣರಲ್ಲಿಯೂ ಒಂದು ಬಿನ್ನಹವಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅನೇಕ ಕಡೆ ಕಂಪ್ಯೂಟರುಗಳೂ ಬಂದಿವೆ. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದಾಗ ಒಂದೆರಡು ಸಂಜೆ ಅಲ್ಲಿ ಕುಳಿತು, ನಿಮ್ಮ ಚಿಕ್ಕಪ್ಪನಂತಹ ಒಬ್ಬರಿಗೆ, ಅಕ್ಕನಂತಹ ಒಬ್ಬರಿಗೆ, ಮೊದಲ ಪಾಠವನ್ನು ತಾಳ್ಮೆಯಿಂದ ಹೇಳಿಕೊಡಿ. ಅವರು ಕಲಿಯುವುದು ನಿಧಾನವಾದೀತು. ಆದರೆ ಅಡತಿಯ, ಖಣಿಯ, ಶಾಲೆಯ ವಿಷಯದಲ್ಲಿ ಅವರಿಂದ ನೀವು ಕಲಿಯಬೇಕಾದುದೂ ಕಡಿಮೆಯಿಲ್ಲ.